ಗಾಳಕ್ಕೊಂದು ಗೊಂಡೆ

ಕಾರಹುಣ್ಣಿಮೆ ಬಂತೆಂದರೆ ನಾವು ಎತ್ತಿನ ಮೈ ತೊಳೆಯುತ್ತೇವೆ. ಕೋಡಿಗೆ ಬಣ್ಣ ಹಚ್ಚುತ್ತೇವೆ. ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ ಕಟ್ಟುತ್ತೇವೆ. ಗೊಂಡೆ ಕಟ್ಟಲು ಬಾರದ ಕೈ ನಮ್ಮ ಹಾವೇರಿ ಕಡೆ ಕಡಿಮೆ. ಆದರೆ ಮೀನು ಹಿಡಿಯುವ ಗಾಳಕ್ಕೂ ಗೊಂಡೆ ಕಟ್ಟುತ್ತಾರೆ. ಅದು ನಿಮಗೆ ಗೊತ್ತೇ?

ನಮ್ಮ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದವರು ಬಹಳ ಜನ. ವಾಸ್ಕೋ, ಝುವಾರಿನಗರ, ಮಡಗಾಂವ್, ಮಾಪುಸಾ, ಎಲ್ಲಿ ಹೋದರೂ ಕನ್ನಡ ಕಿವಿಗೆ ಬೀಳುತ್ತದೆ. ಅಂಥ ಒಂದು ಮನೆಯ ಕಥೆ ಇದು. ಮಾವ ಗೌಂಡಿ ಕೆಲಸ ಮಾಡುತ್ತಾನೆ. ಅತ್ತೆ ಮನೆಯಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಾಳೆ. ಅವರಿಗೆ ಎರಡು ವರ್ಷದ ಮಗಳು ಇದ್ದಾಳೆ. ಅಳಿಯ ಊರಿನಿಂದ ಹೊಸದಾಗಿ ಬಂದಿದ್ದಾನೆ. ಇರುವುದು ಒಂದೇ ಕೋಣೆ. ಅಡುಗೆ, ನಿದ್ದೆ, ಕುಚ್ಚು ಎಲ್ಲಾ ಅಲ್ಲೇ.

ರವಿವಾರ ಮಾವನಿಗೆ ರಜೆ. ಸಂಜೆ ಜುವಾರಿ ನದಿಯ ದಂಡೆಗೆ ಹೋಗಿ ಗಾಳ ಹಾಕುತ್ತಾನೆ. ಗೋವಾದ ಕೊಂಕಣಿಯಲ್ಲಿ ಗಾಳಕ್ಕೆ ‘ಗರಿ’ ಎನ್ನುತ್ತಾರೆ. ನಮಗೆ ಗರಿ ಎಂದರೆ ಹಕ್ಕಿಯ ಪುಕ್ಕ. ಮೊದಮೊದಲು ಮಾವ ಅಂಗಡಿಗೆ ಹೋದಾಗ, ‘ಗರಿ ಬೇಕೇ’ ಎಂದು ಕೇಳಿದರೆ, ‘ಕೋಳಿದೋ, ನವಿಲಿಂದೋ’ ಎಂದು ಕೇಳಿದ್ದನಂತೆ!

ಜಿಗ್ ಎಂದರೇನು?

ಸಾಮಾನ್ಯ ಗಾಳಕ್ಕೆ ನಾವು ಎರೆಹುಳು ಇಲ್ಲವೇ ಸಿಗಡಿ ಚುಚ್ಚುತ್ತೇವೆ. ಜಿಗ್‌ಗೆ ಅದು ಬೇಕಿಲ್ಲ. ಜಿಗ್ ಎಂದರೆ ತಲೆಯ ಹತ್ತಿರ ಭಾರ ಇರುವ ಗಾಳ. ಆ ಭಾರದ ಹಿಂದೆ ಸಣ್ಣ ಸಣ್ಣ ಎಳೆಗಳ ಗೊಂಡೆ ಇರುತ್ತದೆ. ಜಿಗ್ ಅನ್ನು ನೀರಿಗೆ ಎಸೆಯಬೇಕು. ಅದು ತಳಕ್ಕೆ ಮುಳುಗುತ್ತದೆ. ಆಗ ದಾರವನ್ನು ಮೆಲ್ಲಗೆ ಎತ್ತಬೇಕು, ಮತ್ತೆ ಬಿಡಬೇಕು. ಎತ್ತಿದಾಗ ಗೊಂಡೆ ಮುಚ್ಚಿಕೊಳ್ಳುತ್ತದೆ. ಬಿಟ್ಟಾಗ ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಮುಚ್ಚು, ಬಿಚ್ಚು. ಮೀನಿನ ಕಣ್ಣಿಗೆ ಅದು ಸಿಗಡಿ ಕಾಲು ಆಡಿಸಿದಂತೆ ಕಾಣುತ್ತದೆ. ಸತ್ತ ಕಬ್ಬಿಣಕ್ಕೆ ಜೀವ ಬರುವುದು ಈ ಗೊಂಡೆಯಿಂದ. ಗೊಂಡೆ ಇಲ್ಲದಿದ್ದರೆ ಅದು ಬರೀ ಭಾರದ ಕೊಕ್ಕೆ.

ಮಾಣಕಿ ನಿಮಗೆ ಗೊತ್ತಿರಬಹುದು. ಮಂಗಳೂರು ಕಡೆ ಅದಕ್ಕೆ ಬೊಂಡಾಸ್ ಎನ್ನುತ್ತಾರೆ. ಅದನ್ನು ಹಿಡಿಯುವ ಜಿಗ್ ಬೇರೆ. ಅದರ ಬಾಲದಲ್ಲಿ ಸೂಜಿಯಂಥ ಮೊನೆಗಳ ಕಿರೀಟ ಇರುತ್ತದೆ. ಇಲ್ಲಿ ನಾವು ಹೇಳುವುದು ಆ ಜಿಗ್ ಅಲ್ಲ. ನದಿಯ ಬಾಯಿಯಲ್ಲಿ ಸಿಗುವ ಚೊಣಕದಂಥ ಮೀನಿಗೆ ಹಾಕುವ ಜಿಗ್.

ಚೊಣಕ ದೊಡ್ಡ ಬಾಯಿಯ ಮೀನು. ಉಪ್ಪು ನೀರಿಗೂ ಸೈ, ಸಿಹಿ ನೀರಿಗೂ ಸೈ. ಬಂಡೆ, ಸೇತುವೆಯ ಕಂಬ, ಮುಳುಗಿದ ಮರದ ಬದಿಯಲ್ಲಿ ಅಡಗಿ ನಿಲ್ಲುತ್ತದೆ. ಸಿಗಡಿ, ಸಣ್ಣ ಮೀನು ಹತ್ತಿರ ಬಂದರೆ ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಇದೇ ಮೀನಿಗೆ ಬಾರಮಂಡಿ ಎನ್ನುತ್ತಾರೆ. ಇದರಲ್ಲಿ ಒಂದು ಸೋಜಿಗ ಇದೆ. ಚೊಣಕ ಮೊದಲು ಗಂಡಾಗಿ ಬೆಳೆಯುತ್ತದೆ. ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ತೀರಾ ದೊಡ್ಡ ಚೊಣಕ ಎಂದರೆ ಹೆಚ್ಚಾಗಿ ಮೊಟ್ಟೆ ಇಡುವ ತಾಯಿ.

ಮಾವನ ಎರಡು ತಪ್ಪು

ಅಂಗಡಿಯ ಜಿಗ್‌ಗೆ ದುಡ್ಡು ಜಾಸ್ತಿ. ಬಂಡೆಗೆ ಸಿಕ್ಕಿದರೆ ಹೋಯಿತು. ಮಾವ ಮನೆಯಲ್ಲೇ ಮಾಡಲು ಹೊರಟ. ಸೈಕಲ್ಲಿನ ಹಳೆ ಟ್ಯೂಬನ್ನು ಸಣ್ಣ ಸಣ್ಣ ಎಳೆಯಾಗಿ ಕತ್ತರಿಸಿದ. ಎಳೆಗಳನ್ನು ವಾಲ್ ಟ್ಯೂಬಿನ ಒಂದು ತುಂಡಿನೊಳಗೆ ತೂರಿಸಿದ. ಅದನ್ನು ಗಾಳದ ಕಾಲಿಗೆ ಏರಿಸಿದ. ನೋಡಲು ಚೆಂದ ಇತ್ತು. ನೀರಿಗೆ ಎಸೆದ. ನಾಲ್ಕನೇ ಸಲ ಎಳೆಯುವಾಗ ಮೀನು ಕಚ್ಚಿತು, ಬಿಟ್ಟಿತು. ಮೇಲೆ ಎತ್ತಿ ನೋಡಿದರೆ ಗೊಂಡೆ ಜಾರಿ ಕೊಕ್ಕೆಯ ಬಾಗಿಗೆ ಬಂದು ಗಂಟಾಗಿತ್ತು. ಗಾಳದ ಮೊನೆಯೇ ಮುಚ್ಚಿಹೋಗಿತ್ತು.

ಮುಂದಿನ ವಾರ ತಕ್ಷಣ ಹಿಡಿಯುವ ಅಂಟು ಹಾಕಿದ. ಅಂಟು ಒಣಗಿ ಗಾಜಿನಂತಾಯಿತು. ರಬ್ಬರು ಬಗ್ಗಿದಲ್ಲಿ ಅದು ಚಟ್ಟನೆ ಒಡೆಯಿತು. ಅರ್ಧ ಎಳೆ ನದಿಗೆ ಹೋದವು.

“ಮಾವಾ, ಇದು ಯಾಕ ನಿಲ್ಲವಲ್ತು?” ಎಂದ ಅಳಿಯ.

“ನಂಗ ಏನ್ ಗೊತ್ತಲೇ ತಮ್ಮಾ. ಗಾಳ ನುಣುಪು ಐತಿ, ಜಾರತೈತಿ.”

ಕುಚ್ಚು ಕಟ್ಟುತ್ತಿದ್ದ ಅತ್ತೆ ತಲೆ ಎತ್ತಿದಳು. “ನುಣುಪು ಇದ್ದರ ಮೊದಲ ಅದಕ್ಕ ಬರೇ ನೂಲು ಸುತ್ರಿ. ಸುತ್ತಿದ ನೂಲಿನ ಮ್ಯಾಲೆ ಗೊಂಡೆ ಕಟ್ರಿ. ನೂಲು ನೂಲನ್ನ ಹಿಡೀತೈತಿ. ಬಾವಿಯ ನುಣುಪು ಕಂಬಕ್ಕ ಹಗ್ಗ ನಿಲ್ಲತೈತೇನು?”

ಮಾತು ಇಷ್ಟೇ. ಆದರೆ ಇಡೀ ಕೆಲಸದ ಬೇರು ಇದೇ.

ಎಳೆ ಯಾವುದು ಒಳ್ಳೆಯದು?

ಮನೆಯಲ್ಲಿ ಸಿಗುವ ಎಲ್ಲವನ್ನೂ ಮಾವ ಹಾಕಿ ನೋಡಿದ್ದಾನೆ. ಬಲೂನಿನ ರಬ್ಬರು ಬಣ್ಣ ಬಣ್ಣ, ಮೆತ್ತಗೆ, ನೀರಿನಲ್ಲಿ ಬಹಳ ಚೆನ್ನಾಗಿ ಕುಣಿಯುತ್ತದೆ. ಆದರೆ ಬಿಸಿಲಿಗೆ ಬೇಗ ಕೊಳೆಯುತ್ತದೆ. ಒಂದಕ್ಕೊಂದು ಅಂಟುತ್ತದೆ. ಸಿಮೆಂಟ್ ಚೀಲದ ಪ್ಲಾಸ್ಟಿಕ್ ನೂಲು ಪುಕ್ಕಟೆ ಸಿಗುತ್ತದೆ. ಆದರೆ ಅದು ಬಿರುಸು. ನೀರಿಗಿಂತ ಹಗುರ, ಮೇಲೆ ತೇಲಲು ನೋಡುತ್ತದೆ. ಮೀನಿಗೆ ಹೊಳಪು ಕಾಣಲಿ ಎಂದು ಎರಡು ಮೂರು ಎಳೆ ಸೇರಿಸಿದರೆ ಸಾಕು. ಹತ್ತಿಯ ನೂಲು ನೀರು ಕುಡಿದು ಜೋತುಬೀಳುತ್ತದೆ. ಹುಂಜದ ಕತ್ತಿನ ಗರಿ ಒಳ್ಳೆಯದು. ಆಡಿನ ಉದ್ದ ಕೂದಲೂ ಆಗುತ್ತದೆ. ಗರಿ ಮತ್ತು ಕೂದಲನ್ನು ಸಾಬೂನಿನಿಂದ ತೊಳೆದು, ಒಣಗಿಸಿ ಬಳಸಬೇಕು.

ಸೈಕಲ್ ಟ್ಯೂಬು ಬಹಳ ದಿನ ಬಾಳುತ್ತದೆ. ಒಂದೇ ಕಷ್ಟ, ಅದು ದಪ್ಪ. ಹಲಗೆಯ ಮೇಲೆ ಹಾಸಿ, ಕಬ್ಬಿಣದ ಸ್ಕೇಲು ಇಟ್ಟು, ಹೊಸ ಬ್ಲೇಡಿನಿಂದ ಆದಷ್ಟು ಸಪೂರ ಎಳೆ ತೆಗೆಯಬೇಕು. ಒಂದು ಮಿಲಿಮೀಟರ್ ಅಗಲ ಬಂದರೆ ಬಹಳ ಒಳ್ಳೆಯದು. ಎರಡಕ್ಕಿಂತ ಹೆಚ್ಚಾದರೆ ಎಳೆ ಕುಣಿಯುವುದಿಲ್ಲ. ಬೇಸರ ಬರುವ ಕೆಲಸ. ಆದರೆ ಕುಚ್ಚು ಕಟ್ಟುವವರಿಗೆ ಇದೇನು ಹೊಸದಲ್ಲ.

ಲೆಕ್ಕ ಮಾಡೋಣ

ಮಾವನ ಗಾಳದ ಕಾಲು 5 ಸೆಂ.ಮೀ. ಉದ್ದ. ಗೊಂಡೆ ಗಾಳದ ಬಾಗು ದಾಟಿ 1 ಸೆಂ.ಮೀ. ಹೊರಗೆ ಬರಬೇಕು. ಅಲ್ಲಿಗೆ ಗೊಂಡೆಯ ಉದ್ದ 6 ಸೆಂ.ಮೀ. ಎಳೆಯನ್ನು ನಡುವೆ ಕಟ್ಟಿ ಮಡಚುತ್ತೇವೆ. ಆದ್ದರಿಂದ ಎರಡರಷ್ಟು ಬೇಕು, 12 ಸೆಂ.ಮೀ. ಕಟ್ಟು ಮತ್ತು ಮಡಿಕೆಗೆ 1 ಸೆಂ.ಮೀ. ಸೇರಿಸಿ. ಒಟ್ಟು 13 ಸೆಂ.ಮೀ. ಇಂಥ 20 ಎಳೆ ಬೇಕು. 20ನ್ನು 13ರಿಂದ ಗುಣಿಸಿದರೆ 260. ಅಂದರೆ 2 ಮೀಟರ್ 60 ಸೆಂ.ಮೀ. ಮಡಚಿದ ಮೇಲೆ 20 ಎಳೆಗೆ 40 ತುದಿ ಆಗುತ್ತವೆ.

ಗೊಂಡೆ ಉದ್ದ ಇದ್ದರೆ ಚೆಂದ ಎಂದು ಅನಿಸುತ್ತದೆ. ಅದು ತಪ್ಪು. ಉದ್ದ ಇದ್ದರೆ ಮೀನು ಬಾಲ ಮಾತ್ರ ಕಚ್ಚುತ್ತದೆ. ಕೊಕ್ಕೆ ಅದರ ಬಾಯಿಗೆ ಹೋಗುವುದೇ ಇಲ್ಲ.

ಕಟ್ಟುವ ಬಗೆ

ಗಾಳದ ಬಾಗನ್ನು ಇಕ್ಕಳದಲ್ಲಿ ಹಿಡಿದು, ಇಕ್ಕಳವನ್ನು ಕಾಲಡಿ ಒತ್ತಿಕೊಳ್ಳಿ. ಇಲ್ಲವೇ ಒಬ್ಬರು ಹಿಡಿಯಲಿ, ಒಬ್ಬರು ಕಟ್ಟಲಿ. ಮೊನೆಗೆ ಒಂದು ರಬ್ಬರ್ ತುಂಡು ಚುಚ್ಚಿಡಿ. ಕೈಗೆ ತಾಗುವುದಿಲ್ಲ.

ಗಾಳದ ಕಣ್ಣಿನ ಹಿಂದೆಯೇ ನೈಲಾನ್ ನೂಲನ್ನು ಬಿಗಿಯಾಗಿ ಸುತ್ತಿ. ಒಂದು ಸುತ್ತಿನ ಬದಿಗೆ ಇನ್ನೊಂದು ಸುತ್ತು, ಸಂದು ಇರಬಾರದು. ಹತ್ತು ಹದಿನೈದು ಸುತ್ತು ಸಾಕು. ಇದು ಅಡಿಪಾಯ. ಗೌಂಡಿ ಮಾವನಿಗೆ ಈ ಮಾತು ಬೇಗ ತಲೆಗೆ ಹತ್ತಿತು.

ಈಗ ಐದು ಎಳೆ ತೆಗೆದುಕೊಳ್ಳಿ. ಎಳೆಯ ನಡುಭಾಗ ಅಡಿಪಾಯದ ಮೇಲೆ ಬರಲಿ. ಅರ್ಧ ಎಳೆ ಗಾಳದ ಕಣ್ಣಿನ ಕಡೆ, ಅರ್ಧ ಬಾಗಿನ ಕಡೆ ಇರಲಿ. ಎರಡು ಸುತ್ತು ಸುತ್ತಿ ಬಿಗಿಯಿರಿ. ಗಾಳವನ್ನು ಕಾಲು ಭಾಗ ತಿರುಗಿಸಿ. ಇನ್ನೈದು ಎಳೆ ಇಡಿ, ಬಿಗಿಯಿರಿ. ಹೀಗೆ ನಾಲ್ಕು ಸಲ. ಇಪ್ಪತ್ತನ್ನೂ ಒಟ್ಟಿಗೆ ಇಟ್ಟು ಕಟ್ಟಿದರೆ ಎಲ್ಲಾ ಒಂದೇ ಬದಿಗೆ ಕೂಡುತ್ತವೆ. ಆಗ ಜಿಗ್ ನೀರಿನಲ್ಲಿ ಬುಗುರಿಯ ಹಾಗೆ ಸುತ್ತುತ್ತದೆ. ದಾರ ಹುರಿಯಾಗುತ್ತದೆ. ಮಾವನ ಮೂರನೇ ಜಿಗ್ ಹೀಗೇ ಕೆಟ್ಟಿತು.

ಮುಂದಿನದು ಗೊಂಡೆಯ ಗುಟ್ಟು. ಕಣ್ಣಿನ ಕಡೆ ಇರುವ ಅರ್ಧ ಎಳೆಗಳನ್ನು ಹಿಂದಕ್ಕೆ, ಬಾಗಿನ ಕಡೆಗೆ ಮಡಚಿ. ಎತ್ತಿನ ಗೊಂಡೆಗೆ ಹೀಗೆಯೇ ಮಾಡುತ್ತೇವಲ್ಲ! ಮಡಚಿದ ಎಳೆ ಸುಮ್ಮನೆ ಮಲಗುವುದಿಲ್ಲ. ತನ್ನ ಮೊದಲಿನ ಜಾಗಕ್ಕೆ ಹೋಗಲು ನೋಡುತ್ತದೆ. ಅದರಿಂದಲೇ ಗೊಂಡೆ ಅರಳುತ್ತದೆ. ಮಡಿಕೆಯ ಹಿಂದೆ ಕುತ್ತಿಗೆಗೆ ಎರಡೇ ಎರಡು ಸುತ್ತು ಹಾಕಿ. ಎತ್ತಿನ ಗೊಂಡೆಗೆ ಕುತ್ತಿಗೆಯನ್ನು ಅಗಲವಾಗಿ, ಚೆಂದವಾಗಿ ಸುತ್ತುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಗೊಂಡೆ ಬಾಯಿ ಮುಚ್ಚಿ ಕೂರುತ್ತದೆ. ಮೂರು ಗಂಟು ಹಾಕಿ ನೂಲು ಕತ್ತರಿಸಿ. ಗಂಟಿನ ಮೇಲೆ ನೇಲ್ ಪಾಲಿಶ್ ಒಂದೆರಡು ಹನಿ ಬಿಡಿ. ಒಣಗಲು ಬಿಡಿ.

“ಫ್ಯಾನ್ ವೈಂಡಿಂಗಿನ ತಾಮ್ರದ ತಂತಿ ಸುತ್ತಿದರ ಇನ್ನೂ ಗಟ್ಟಿ ಅಲ್ಲೇನ್ರಿ ಅತ್ತಿ?” ಎಂದು ಅಳಿಯ ಕೇಳಿದ.

“ಗಟ್ಟಿ ಖರೆ. ಆದರ ಬಲೂನಿನ ರಬ್ಬರಿಗೆ ತಂತಿ ಬಿಗದರ ಅದನ್ನ ಕೊಯ್ದು ಬಿಡತೈತಿ. ದಪ್ಪ ಟ್ಯೂಬಿಗೆ ಸುತ್ತು, ಬ್ಯಾಡ ಅನ್ನಂಗಿಲ್ಲ.”

ಕಟ್ಟಿದ ಮೇಲೆ ಪರೀಕ್ಷೆ ಮಾಡಿ. ಒಂದೊಂದೇ ಎಳೆ ಹಿಡಿದು ಜಗ್ಗಿ. ಯಾವುದಾದರೂ ಜಾರಿದರೆ ಬಿಚ್ಚಿ ಮತ್ತೆ ಕಟ್ಟಬೇಕು, ನಾಚಿಕೆ ಬೇಡ. ಆಮೇಲೆ ಬಕೆಟ್ಟಿನಲ್ಲಿ ನೀರು ತುಂಬಿ ಜಿಗ್ ಇಳಿಬಿಡಿ. ಎತ್ತಿ, ಬಿಡಿ. ಮುಚ್ಚಿ ಬಿಚ್ಚಿದರೆ ಸರಿ. ಗಾಳದ ಮೊನೆಗೆ ಎಳೆ ಅಡ್ಡ ಬರಬಾರದು. ಕತ್ತರಿಸಿದ ತುಂಡುಗಳನ್ನು ಗುಡಿಸಿ ಕಸಕ್ಕೆ ಹಾಕಿ. ನೀರಿಗೆ ಬಿದ್ದರೆ ಹಕ್ಕಿ, ಮೀನು ಅದನ್ನು ತಿನಿಸೆಂದು ನುಂಗುತ್ತವೆ.

ಸೀಸ ಕರಗಿಸಬೇಡಿ

ಇನ್ನು ತಲೆಯ ಭಾರದ ಮಾತು. ಇಲ್ಲಿ ಮಾವ ಮಾಡಿದ ತಪ್ಪು ಗೊಂಡೆಯ ತಪ್ಪಿನಂಥದ್ದಲ್ಲ.

ಒಂದು ರಾತ್ರಿ ಹಳೆ ಬ್ಯಾಟರಿಯ ಸೀಸ ತಂದ. ತಗಡಿನ ಡಬ್ಬಿಗೆ ಹಾಕಿ ಅಡುಗೆಯ ಒಲೆಯ ಮೇಲಿಟ್ಟ. ಸೀಸ 327 ಡಿಗ್ರಿ ಕಾವಿಗೆ ಕರಗುತ್ತದೆ. ಕುದಿಯುವ ನೀರಿಗಿಂತ ಬಹಳ ಹೆಚ್ಚು ಕಾವು. ಕರಗಿದ್ದನ್ನು ಮಣ್ಣಿನ ಅಚ್ಚಿಗೆ ಹೊಯ್ದ. ಅಚ್ಚಿನಲ್ಲಿ ಸ್ವಲ್ಪ ಹಸಿ ಇತ್ತು. ಹಸಿ ಆವಿಯಾಗಿ ಸೀಸ ಪಟ್ಟನೆ ಸಿಡಿಯಿತು. ಮಾವನ ಮುಂಗೈ ಸುಟ್ಟಿತು. ಮಗು ಚಾಪೆಯ ಮೇಲೆ ಆಡುತ್ತಿತ್ತು. ಅದಕ್ಕೆ ತಾಗಲಿಲ್ಲ.

“ತಾಗಲಿಲ್ಲ ಬಿಡು” ಎಂದ ಮಾವ. ಅತ್ತೆ ಬಿಡಲಿಲ್ಲ. ಮರುದಿನ ಸರಕಾರಿ ದವಾಖಾನೆಯಲ್ಲಿ ನರ್ಸಮ್ಮನನ್ನು ಕೇಳಿದಳು. ಆಗ ತಿಳಿದದ್ದು, ಕಣ್ಣಿಗೆ ಕಂಡ ಗಾಯಕ್ಕಿಂತ ಕಾಣದ ಧೂಳು ದೊಡ್ಡದು ಎಂದು.

ಸೀಸ ಕರಗಿಸುವಾಗ ಹೊಗೆ ಮತ್ತು ಸಣ್ಣ ಧೂಳು ಏಳುತ್ತದೆ. ಅದು ನೆಲ, ಚಾಪೆ, ಪಾತ್ರೆಗಳ ಮೇಲೆ ಕೂರುತ್ತದೆ. ಮಗು ನೆಲಕ್ಕೆ ಕೈ ಒರಸಿ ಬಾಯಿಗೆ ಇಡುತ್ತದೆ. ಸೀಸ ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರುತ್ತದೆ. ಚಿಕ್ಕ ಮಕ್ಕಳ ಮಿದುಳಿಗೆ ಅದರಿಂದ ಹಾನಿ. ಕಲಿಯುವ ಶಕ್ತಿ ಕುಗ್ಗುತ್ತದೆ. ಬಸುರಿಗೂ ಹೊಟ್ಟೆಯ ಕೂಸಿಗೂ ಅಪಾಯ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎಂಬ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ಯಾಟರಿಯ ಸೀಸದಲ್ಲಿ ಆ್ಯಸಿಡ್ ಕೂಡ ಇರುವುದರಿಂದ ಅದು ಇನ್ನೂ ಕೆಟ್ಟದ್ದು. ನಮ್ಮ ದೇಶದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹೆಚ್ಚು ಇರಬಾರದು ಎಂದು 2016ರಲ್ಲಿ ನಿಯಮ ಬಂತು. ಇಂಗ್ಲೆಂಡಿನಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದವು. ಅಲ್ಲಿ 1987ರಲ್ಲಿ ಅಂಥ ಗುಂಡುಗಳ ಮಾರಾಟ ನಿಲ್ಲಿಸಿದರು.

ಮಗುವಿನ ರಕ್ತ ಪರೀಕ್ಷೆ ಮಾಡಿಸಬಹುದೇ ಎಂದು ಅತ್ತೆ ಡಾಕ್ಟರನ್ನು ಕೇಳಿದಳು. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ತಿಳಿಯುವ ಪರೀಕ್ಷೆ ಇದೆ. ನಿಮ್ಮ ಮನೆಯಲ್ಲಿ ಸೀಸ ಕರಗಿಸಿದ್ದರೆ ನೀವೂ ಕೇಳಿ. ಅತ್ತೆ ಕೋಣೆಯನ್ನು ಕಸಬರಿಗೆಯಿಂದ ಗುಡಿಸಲಿಲ್ಲ. ಗುಡಿಸಿದರೆ ಧೂಳು ಏಳುತ್ತದೆ. ಸಾಬೂನು ನೀರಿನ ಬಟ್ಟೆಯಿಂದ ಎರಡು ಸಲ ಒರಸಿದಳು. ಡಬ್ಬಿ, ಅಚ್ಚು ಎರಡೂ ಮನೆಯಿಂದ ಹೊರಗೆ ಹೋದವು.

ಹಾಗಾದರೆ ಭಾರಕ್ಕೆ ಏನು ಮಾಡುವುದು? ಹಿತ್ತಾಳೆಯ ನಟ್ಟು ಇದೆಯಲ್ಲ! ನಟ್ಟಿನ ತೂತಿನಲ್ಲಿ ವಾಲ್ ಟ್ಯೂಬಿನ ತುಂಡು ತೂರಿಸಿ. ಅದರೊಳಗೆ ಗಾಳದ ದಾರ ಪೋಣಿಸಿ. ಟ್ಯೂಬು ಇರುವುದರಿಂದ ನಟ್ಟಿನ ಅಂಚು ದಾರವನ್ನು ಕೊಯ್ಯುವುದಿಲ್ಲ. ಎರಡು ಮೂರು ನಟ್ಟು ಹೀಗೆ ಪೋಣಿಸಿ, ಕೊನೆಗೆ ಗೊಂಡೆ ಕಟ್ಟಿದ ಗಾಳವನ್ನು ಕಟ್ಟಿ. ನಟ್ಟುಗಳು ಜಾರಿ ಬಂದು ಗಾಳದ ಕಣ್ಣಿಗೆ ಕೂರುತ್ತವೆ. ಅದೇ ಜಿಗ್‌ನ ತಲೆ. ಕರಗಿಸುವ ಕೆಲಸವೇ ಇಲ್ಲ. ಬಂಡೆಗೆ ಸಿಕ್ಕಿ ಹೋದರೂ ಹೋಗುವುದು ನಟ್ಟು ಮತ್ತು ಗಾಳ.

ಅಂಗಡಿಯ ಸೀಸದ ಗುಂಡು ಬಳಸುವವರು ಅದನ್ನು ಹಲ್ಲಿನಿಂದ ಕಚ್ಚಿ ಮುಚ್ಚಬೇಡಿ. ಬಹಳ ಜನ ಹೀಗೆ ಮಾಡುತ್ತಾರೆ. ಇಕ್ಕಳ ಬಳಸಿ. ಆಮೇಲೆ ಸಾಬೂನಿನಿಂದ ಕೈ ತೊಳೆದೇ ರೊಟ್ಟಿ ಮುಟ್ಟಿ.

ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಕುಮಟಾ ಕಡೆ ಗಜನಿ ಗದ್ದೆ ನೋಡಿದ್ದೀರಾ? ಉಪ್ಪು ನೀರು ಬರುವ ಗದ್ದೆ, ಕಗ್ಗ ಭತ್ತ ಬೆಳೆಯುತ್ತಾರೆ. ಗೋವಾದಲ್ಲಿಯೂ ಅಂಥ ಗದ್ದೆ ಇವೆ. ಅವಕ್ಕೆ ಖಾಜನ್ ಎನ್ನುತ್ತಾರೆ. ಅಲ್ಲಿಯ ಭತ್ತ ಕೊರ್ಗುಟ. ಕಟ್ಟೆಯ ನಡುವೆ ನೀರು ಬಿಡುವ ಮರದ ಬಾಗಿಲು ಇರುತ್ತದೆ, ಅದಕ್ಕೆ ಮಾನಸ ಎಂದು ಹೆಸರು. ಭರತ ಇಳಿಯುವಾಗ ಆ ಬಾಗಿಲಲ್ಲಿ ಮೀನು ಬಹಳ. ಕಂಡರೆ ಆಸೆ ಆಗುತ್ತದೆ. ಆದರೆ ಮಾನಸದ ಮೀನನ್ನು ಊರವರು ಹರಾಜು ಹಾಕಿರುತ್ತಾರೆ. ಹರಾಜು ಹಿಡಿದವರದ್ದೇ ಹಕ್ಕು. ಕೇಳದೆ ಗಾಳ ಹಾಕಿದರೆ ಜಗಳ ಬರುತ್ತದೆ, ಅವರ ಸಿಟ್ಟಿನಲ್ಲಿ ನ್ಯಾಯವೂ ಇದೆ.

ವಾಸ್ಕೋದಲ್ಲಿ ದೊಡ್ಡ ಬಂದರು ಇದೆ. ನೌಕಾಪಡೆಯ ಜಾಗ ಇದೆ. ಅಲ್ಲೆಲ್ಲ ಒಳಗೆ ಹೋಗುವಂತಿಲ್ಲ. ಬೋರ್ಡು ಇರುತ್ತದೆ, ಆದರೆ ಕನ್ನಡದಲ್ಲಿ ಇರುವುದಿಲ್ಲ. ನಮಗೆ ಅಕ್ಷರ ಬಂದರೂ ಅದು ಬೇರೆ ಅಕ್ಷರ. ಆದ್ದರಿಂದ ಬೋರ್ಡು ಕಂಡರೆ ನಿಂತು, ಯಾರನ್ನಾದರೂ ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅದು ಮೀನು ಮರಿ ಮಾಡುವ ಕಾಲ. ಆ ಮಳೆಯಲ್ಲಿ ಬಂಡೆಯ ಮೇಲೆ ಪಾಚಿ ಕಟ್ಟುತ್ತದೆ, ಅಲೆ ಎತ್ತರ ಏಳುತ್ತದೆ. ಗಾಳ ಹಾಕಲು ಬಂಡೆ ಹತ್ತುವುದು ಬೇಡವೇ ಬೇಡ.

ಮಾವನೂ ಅಳಿಯನೂ ಮಳೆ ನಿಂತ ಮೇಲೆ ಕೋರ್ಟಾಲಿಂ ಕಡೆ ನದಿ ದಂಡೆಗೆ ಹೋದರು. ಅಲ್ಲಿಂದ ಜುವಾರಿಯ ಹೊಸ ಸೇತುವೆ ಕಾಣುತ್ತದೆ. ಮೊದಲ ರವಿವಾರ ಏನೂ ಸಿಗಲಿಲ್ಲ. ಎರಡನೇ ರವಿವಾರ ಬಂಡೆಗೆ ಸಿಕ್ಕಿ ಒಂದು ಜಿಗ್ ಹೋಯಿತು. ಮೂರನೇ ರವಿವಾರ, ಕತ್ತಲಾಗುವ ಹೊತ್ತಿಗೆ, ಅಳಿಯನ ದಾರ ಝಗ್ಗನೆ ಎಳೆಯಿತು.

“ಮಾವಾ! ಬಂಡೆಗೆ ಸಿಕ್ಕತು!”

“ಬಂಡೆ ಹಂಗ ಓಡತೈತೇನಲೇ? ಬಿಗಿ ಹಿಡಿ, ಜಗ್ಗಬ್ಯಾಡ!”

ಚೊಣಕ. ಬಹಳ ದೊಡ್ಡದಲ್ಲ, ಮೊಣಕೈ ಉದ್ದ. ಅದರ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ ಇರುತ್ತದೆ. ಮಾವ ಕೈಗೆ ಟವೆಲ್ ಸುತ್ತಿಕೊಂಡು ಹಿಡಿದ.

ಮನೆಗೆ ಬಂದಾಗ ಅತ್ತೆ ಮೊದಲು ಮೀನು ನೋಡಲಿಲ್ಲ. ಜಿಗ್ ಕೈಗೆ ತೆಗೆದುಕೊಂಡು ಎಳೆ ಎಣಿಸಿದಳು. 40ರಲ್ಲಿ 37 ಇದ್ದವು. ಕಟ್ಟು ಒಂದಿಷ್ಟೂ ಜಾರಿರಲಿಲ್ಲ.

“ಮೂರು ಎಲ್ಲಿ ಹೋದವು?”

“ಮೀನು ತಿಂತಬೇ” ಎಂದ ಅಳಿಯ.

ಓದಿ, ಉತ್ತರ ಹೇಳಿ

ಮಾವನ ಮೊದಲ ಗೊಂಡೆ ಯಾಕೆ ಜಾರಿತು?

ಅತ್ತೆ ಕೋಣೆಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಯಾಕೆ ಒರಸಿದಳು?

ನಿಮ್ಮ ಗಾಳದ ಕಾಲು 4 ಸೆಂ.ಮೀ. ಇದೆ. ಮೇಲೆ ಹೇಳಿದ ಲೆಕ್ಕದಂತೆ ಒಂದು ಎಳೆ ಎಷ್ಟು ಉದ್ದ ಬೇಕು? 20 ಎಳೆಗೆ ಒಟ್ಟು ಎಷ್ಟು?

ಅಂಗಡಿಗೆ ಹೋಗಿ ಒಂದು ಜಿಗ್‌ನ ಬೆಲೆ ಕೇಳಿ ಬರೆಯಿರಿ. ಒಂದು ಗಾಳ, ಮೂರು ಹಿತ್ತಾಳೆ ನಟ್ಟು, ಒಂದು ವಾಲ್ ಟ್ಯೂಬಿನ ಬೆಲೆಯನ್ನೂ ಕೇಳಿ ಬರೆಯಿರಿ. ಯಾವುದು ಎಷ್ಟು ಕಡಿಮೆ?

ನಿಮ್ಮ ಮನೆಯಲ್ಲಿ ಗೊಂಡೆ ಅಥವಾ ಕುಚ್ಚು ಕಟ್ಟಲು ಬರುವವರು ಯಾರು? ಅವರು ಮೊದಲು ಏನು ಮಾಡುತ್ತಾರೆ, ಆಮೇಲೆ ಏನು ಮಾಡುತ್ತಾರೆ? ಕೇಳಿ, ಐದು ವಾಕ್ಯ ಬರೆಯಿರಿ.